ದ್ರುವೊಶೀಬ: ಸುರಕ್ಷತೆ, ಭದ್ರತೆ ಎರಡಕ್ಕೂ ಒಂದೇ ಪದ

ಯುರೋಪಿನ ಲಾಟ್ವಿಯ ದೇಶದ ಲಾಟ್ವಿಯನ್ ನುಡಿಯಲ್ಲಿ 'ದ್ರುವೊಶೀಬ' ಎಂದರೆ ಸುರಕ್ಷತೆ. ಭದ್ರತೆ ಎಂಬುದಕ್ಕೂ ಅದೇ ಪದ. ರಸ್ತೆ ಸುರಕ್ಷತೆಯೂ ದ್ರುವೊಶೀಬ, ರಾಷ್ಟ್ರೀಯ ಭದ್ರತೆಯೂ ದ್ರುವೊಶೀಬ. ಬರೆಯುವಾಗ 'ದ್ರೊ' ಎಂದೇ ಇರುತ್ತದೆ, ಆದರೆ ಅಚ್ಚ ಲಾಟ್ವಿಯನ್ ಪದಗಳ 'ಒ'ಕಾರವನ್ನು 'ಉಒ' ಎಂದು ಹೊರಳಿಸಿ ನುಡಿಯುವುದು ಅಲ್ಲಿಯ ರೂಢಿ. ಧೈರ್ಯಕ್ಕೆ ಅವರು ಹೇಳುವ 'ದ್ರುವೊಸ್ಮೆ' ಇದರದೇ ಬಳಗದ ಪದ. ಅಂಜಬೇಕಾಗಿಲ್ಲದ ಸ್ಥಿತಿ ಎಂಬ ಭಾವ ಎರಡರಲ್ಲೂ ಇದೆ.

ದಿನದ ಮಾತಿಗೆ ಇಷ್ಟು ಸಾಕು, ಪರಮಾಣು ಕ್ಷೇತ್ರಕ್ಕೆ ಸಾಲದು. ಅಲ್ಲಿ ಇಂಗ್ಲಿಷಿನವರು ಸೇಫ್ಟಿ, ಸೆಕ್ಯುರಿಟಿ, ಸೇಫ್‌ಗಾರ್ಡ್ಸ್ ಎಂದು ಮೂರು ಬೇರೆ ಬೇರೆ ಕೆಲಸಗಳನ್ನು ಹೆಸರಿಸುತ್ತಾರೆ. ಮೂರನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಕೇಳಿಕೊಂಡರಾಯಿತು: ಕೇಡು ಯಾವ ಕಡೆಯಿಂದ ಬರುತ್ತದೆ? ಯಂತ್ರ ಕೆಟ್ಟು, ಕೈತಪ್ಪಿ ಅಥವಾ ನೆರೆ, ಭೂಕಂಪದಿಂದ ಬಂದರೆ ಅದನ್ನು ತಡೆಯುವುದು ಸುರಕ್ಷತೆ. ಬೇಕೆಂದೇ ಮಾಡುವ ಕಳವು, ವಿಧ್ವಂಸ, ಅತಿಕ್ರಮಣಗಳನ್ನು ತಡೆಯುವುದು ಭದ್ರತೆ. ಒಂದು ದೇಶದ ಸರ್ಕಾರವೇ ಶಾಂತಿಯ ಕೆಲಸಕ್ಕೆಂದು ಪಡೆದ ಯುರೇನಿಯಂ, ಪ್ಲುಟೋನಿಯಂಗಳನ್ನು ಬಾಂಬಿಗೆ ತಿರುಗಿಸಿಲ್ಲ ಎಂದು ಹೊರಗಿನವರು ಲೆಕ್ಕಪತ್ರ, ಕ್ಯಾಮೆರಾ, ಮೊಹರುಗಳಿಂದ ಖಚಿತಪಡಿಸಿಕೊಳ್ಳುವುದು ಸೇಫ್‌ಗಾರ್ಡ್ಸ್.

ಸುರಕ್ಷತೆಯೊಳಗೆ ಮಾಡಬೇಕಾದ ಕೆಲಸ ಮೂರು: ಒಂದರ ಹಿಂದೊಂದು ಪರಮಾಣು ಒಡೆಯುವ ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿಡುವುದು, ಇಂಧನವನ್ನು ತಂಪಾಗಿಡುವುದು, ವಿಕಿರಣ ವಸ್ತು ಹೊರಬೀಳದಂತೆ ಹಿಡಿದಿಡುವುದು. ಜನ ಹೆಚ್ಚು ತಪ್ಪು ತಿಳಿಯುವುದು ಎರಡನೆಯದನ್ನು. ರಿಯಾಕ್ಟರ್ ನಿಲ್ಲಿಸಿದರೆ ಬೆಂಕಿ ಆರಿದಂತೆ ಎಂದುಕೊಳ್ಳುತ್ತಾರೆ. ಕೈಗಾದ 220 ಮೆಗಾವ್ಯಾಟ್ ಘಟಕವೊಂದನ್ನು ತೆಗೆದುಕೊಳ್ಳಿ. 220 ಎಂಬುದು ವಿದ್ಯುತ್ತಿನ ಲೆಕ್ಕ, ಒಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ನಿಲುಗಡೆ ಕಡ್ಡಿಗಳು ಬಿದ್ದೊಡನೆ ಆ ಒಡೆಯುವಿಕೆ, ಅಂದರೆ ವಿದಳನವೇನೋ ನಿಲ್ಲುತ್ತದೆ, ಆದರೆ ಆಗಲೇ ಹುಟ್ಟಿರುವ ವಿದಳನ ಚೂರುಗಳು ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ಮೊದಲ ಕ್ಷಣಗಳಲ್ಲಿ ಅದು ಪೂರ್ಣ ಶಾಖದ ಶೇ 6ರಿಂದ 7, ಅಂದರೆ 45ರಿಂದ 50 ಮೆಗಾವ್ಯಾಟ್. ಒಂದು ಗಂಟೆಗೆ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಒಂದು ದಿನ ಕಳೆದರೂ ಮೂರು ನಾಲ್ಕು ಮೆಗಾವ್ಯಾಟ್ ಉಳಿದಿರುತ್ತದೆ. ಈ ಕ್ಷಯಶಾಖವನ್ನು ಹೊತ್ತೊಯ್ಯಲು ನೀರು ಹರಿಯಲೇಬೇಕು. 2011ರ ಮಾರ್ಚ್ 11ರಂದು ಫುಕುಶಿಮಾ ದೈಚಿಯಲ್ಲಿ ಭೂಕಂಪವಾದೊಡನೆ ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟಿತು, ಮೂರರಲ್ಲೂ ಇಂಧನ ಕರಗಿತು. ನಿಲ್ಲಿಸುವುದು ಬೇರೆ, ತಣಿಸುವುದು ಬೇರೆ.

ಭದ್ರತೆಗೆ ಉದಾಹರಣೆ ಕೈಗಾದಲ್ಲೇ ಸಿಗುತ್ತದೆ. 2009ರ ನವೆಂಬರ್‌ನಲ್ಲಿ ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಪ್ರಮಾಣ ಹೆಚ್ಚಿದ್ದುದು ಕಂಡುಬಂತು. ಹುಡುಕಿದಾಗ ಕುಡಿಯುವ ನೀರಿನ ಕೂಲರ್‌ಗೆ ಯಾರೋ ರಿಯಾಕ್ಟರ್ ತಂಪಾಗಿಡಲು ಬಳಸುವ, ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದು ಗೊತ್ತಾಯಿತು. ಪೈಪು ಸೋರಿರಲಿಲ್ಲ, ಪಂಪು ಕೆಟ್ಟಿರಲಿಲ್ಲ. ಪತ್ತೆ ಮಾಡಿದ್ದು ಸುರಕ್ಷತೆಯ ವಾಡಿಕೆಯ ತಪಾಸಣೆ, ಸೋತದ್ದು ಭದ್ರತೆ. ಇದನ್ನು 'ಸುರಕ್ಷತಾ ಲೋಪ' ಎಂದು ಬರೆದರೆ ಓದುಗರು ಯಂತ್ರದ ಕಡೆ ನೋಡುತ್ತಾರೆ, ಕೇಳಬೇಕಾದ ಪ್ರಶ್ನೆ ಭಾರಜಲ ಯಾರ ಕೈಗೆ ಹೇಗೆ ಸಿಕ್ಕಿತು ಎಂಬುದು.

ಎರಡೂ ಒಂದೇ ದಿಕ್ಕಿಗೆ ಎಳೆಯುವುದೂ ಇಲ್ಲ. ಅಪಘಾತವಾದರೆ ಬಾಗಿಲು ಒಳಗಿನಿಂದ ಸಲೀಸಾಗಿ ತೆರೆದುಕೊಳ್ಳಬೇಕು ಎನ್ನುತ್ತದೆ ಸುರಕ್ಷತೆ, ಅದೇ ಬಾಗಿಲಿಗೆ ಗಟ್ಟಿ ಬೀಗ ಬೇಕು ಎನ್ನುತ್ತದೆ ಭದ್ರತೆ. ವಿಕಿರಣ ಮೂಲ ಸಾಗಿಸುವ ವಾಹನಕ್ಕೆ ಎದ್ದು ಕಾಣುವ ಮೂರೆಸಳಿನ ಗುರುತು ಬೇಕು, ಆದರೆ ಆ ವಾಹನ ಯಾವಾಗ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಗುಟ್ಟಾಗಿರಬೇಕು. ಈ ಎಳೆದಾಟ ನಿಯಮದ ಪುಸ್ತಕದಲ್ಲಿ ಕಾಣಬೇಕಾದರೆ ಎರಡಕ್ಕೂ ಎರಡು ಹೆಸರಿರಲೇಬೇಕು.

ಲಾಟ್ವಿಯನ್ನರು ಇದನ್ನು ಬಿಡಿಸಿಕೊಂಡ ಬಗೆ ನೋಡಿ. ಅವರ 2000ದ ಕಾನೂನಿನ ಹೆಸರು 'ವಿಕಿರಣ ಸುರಕ್ಷತೆ ಮತ್ತು ಪರಮಾಣು ಸುರಕ್ಷತೆ ಕುರಿತು' ಎಂದು. ಎರಡೂ ಕಡೆ ದ್ರುವೊಶೀಬ. ಎರಡನೆಯದು ಸಮಾಸವಾಗಿ 'ಕುವೊದುವೊಲ್‌ದ್ರುವೊಶೀಬ' ಆಗುತ್ತದೆ. ಕಳವು, ದಾಳಿಗಳಿಂದ ಕಾಯುವುದನ್ನು ಹೇಳಬೇಕಾದಾಗ ದ್ರುವೊಶೀಬವನ್ನು ಬಿಟ್ಟು 'ಭೌತಿಕ ರಕ್ಷಣೆ' ಎಂಬರ್ಥದ 'ಫಿಜಿಸ್ಕಾ ಐಜ್‌ಸರ್ದ್ಜೀಬ' ಬಳಸುತ್ತಾರೆ. ಬೇಲಿ, ಬೀಗ, ಕಾವಲುಗಳೇ ಕಣ್ಣಿಗೆ ಬರುವುದರಿಂದ ಇದು ಸ್ಪಷ್ಟವೇನೋ ಹೌದು. ಆದರೆ ಒಳಗಿನ ನೌಕರನ ಹಿನ್ನೆಲೆ ಪರಿಶೀಲನೆ, ಕಂಪ್ಯೂಟರ್ ದಾಳಿಗಳು 'ಭೌತಿಕ'ದೊಳಗೆ ಅಷ್ಟು ಸಲೀಸಾಗಿ ಕೂರುವುದಿಲ್ಲ.

ಅಂದಹಾಗೆ 'ಕುವೊದುವೊಲ್ಸ್' ಎಂದರೆ ಕಾಯಿಯೊಳಗಿನ ತಿರುಳು. ಲ್ಯಾಟಿನ್‌ನ ನ್ಯೂಕ್ಲಿಯಸ್ ಕೂಡ ಗಟ್ಟಿಕಾಯಿಯ ತಿರುಳೇ. ಕನ್ನಡದ ವಿಜ್ಞಾನ ಬರಹಗಾರರು 'ಬೀಜ'ದಿಂದ 'ಬೈಜಿಕ' ಮಾಡಿದ್ದು ಇದೇ ಜಾಡಿನಲ್ಲಿ, ಅದು ನಿಜಕ್ಕೂ ಒಳ್ಳೆಯ ಪದ. 'ಅಣು ವಿದ್ಯುತ್' ರೂಢಿಗೆ ಬಂದಿದೆಯಾದರೂ ಪಠ್ಯಪುಸ್ತಕದಲ್ಲಿ ಅಣು ಎಂದರೆ ಪರಮಾಣುಗಳ ಗುಂಪು. 'ಪರಮಾಣು' ಹತ್ತಿರ ಬರುತ್ತದೆ, ಪರಮಾಣುವಿನ ನಡುವಿನ ತಿರುಳನ್ನೇ ಹಿಡಿದಿರುವುದು 'ಬೈಜಿಕ'.

ಲಾಟ್ವಿಯದಲ್ಲಿ ಪರಮಾಣು ವಿದ್ಯುತ್ ಸ್ಥಾವರ ಇಲ್ಲ. ಈ ಪದಗಳ ಅಗತ್ಯ ಬಿದ್ದದ್ದು ಸಲಾಸ್‌ಪಿಲ್ಸ್‌ನ ಸಂಶೋಧನಾ ರಿಯಾಕ್ಟರ್, ಬಾಲ್ದೊನೆಯ ವಿಕಿರಣ ತ್ಯಾಜ್ಯ ಸಂಗ್ರಹಾಗಾರ ಮತ್ತು ಗಡಿಯಾಚೆ ಲಿಥುವೇನಿಯದಲ್ಲಿದ್ದ ಇಗ್ನಾಲಿನಾ ಸ್ಥಾವರಗಳಿಂದ. ಸಲಾಸ್‌ಪಿಲ್ಸ್ ರಿಯಾಕ್ಟರ್ 1961ರಲ್ಲಿ ಶುರುವಾಗಿ 1998ರಲ್ಲಿ ನಿಂತಿತು. ಬಳಸಿದ ಹೆಚ್ಚು ಸಂವರ್ಧಿತ (ಬಾಂಬಿಗೂ ಒದಗಬಲ್ಲ) ಇಂಧನ ರಷ್ಯಾಕ್ಕೆ ಮರಳಿದ್ದು 2008ರಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಸರಪಳಿ ಕ್ರಿಯೆಯ ಅಪಾಯ ಮುಗಿದಿತ್ತು, ಕ್ಷಯಶಾಖ ಬಹುಪಾಲು ಇಳಿದಿತ್ತು. ಆದರೆ ಅಂಥ ಇಂಧನದ ಮೇಲೆ ಕಳ್ಳರ ಕಣ್ಣು ಬೀಳಬಹುದೆಂಬ ಭಯಕ್ಕೆ ರಿಯಾಕ್ಟರ್ ನಿಂತಿದೆಯೋ ಓಡುತ್ತಿದೆಯೋ ಎಂಬುದು ಮುಖ್ಯವಲ್ಲ.

ಸುರಕ್ಷತೆ, ಭದ್ರತೆ ಎಂಬ ಎರಡು ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇವೆ, ಅದಲು ಬದಲು ಮಾಡದಿದ್ದರೆ ಸಾಕು. ತೊಡಕಿರುವುದು ಮೂರನೆಯದರಲ್ಲಿ. 2009ರ ಫೆಬ್ರವರಿಯಲ್ಲಿ ಭಾರತವು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಜೊತೆ ಸೇಫ್‌ಗಾರ್ಡ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಕೈಗಾದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಇದನ್ನು 'ಸುರಕ್ಷತಾ ಒಪ್ಪಂದದ ಹೊರಗೆ ಕೈಗಾ' ಎಂದು ಬರೆದರೆ ಕಾರವಾರ, ಯಲ್ಲಾಪುರದ ಓದುಗರಿಗೆ ಆ ಸ್ಥಾವರಕ್ಕೆ ಸುರಕ್ಷತೆಯೇ ಇಲ್ಲವೆಂದು ಅನಿಸುತ್ತದೆ. ಒಪ್ಪಂದ ಹೇಳುವುದು ಇಂಧನದ ಲೆಕ್ಕವನ್ನು ಹೊರಗಿನವರು ಬಂದು ನೋಡುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ. ಪಂಪು, ಪೈಪು, ಕವಚಗಳು ಹೇಗಿವೆ ಎಂದು ನೋಡುವುದು ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕೆಲಸ. ಹಾಗಾಗಿ ಇಲ್ಲಿ 'ಸೇಫ್‌ಗಾರ್ಡ್ಸ್' ಎಂಬುದನ್ನೇ ಉಳಿಸಿಕೊಂಡು, ಮೊದಲ ಸಲ ಬಳಸುವಾಗ 'ಪರಮಾಣು ವಸ್ತುಗಳ ಲೆಕ್ಕ ತಪಾಸಣೆ' ಎಂದು ಬಿಡಿಸಿ ಹೇಳುವುದು ಒಳ್ಳೆಯದು.