ತಾರಸಿಯ ಮೇಲೆ ಮೊದಲ ಡಿಜೆ ಸಂಜೆ: ತಾಳ ಹಾಕಿ ಕಲಿತ ಪಾಠಗಳು

ಬರುವ ಶನಿವಾರ ನನ್ನ ಗೆಳೆಯನ ಮೂವತ್ತನೆಯ ಹುಟ್ಟುಹಬ್ಬ. ಮೈಸೂರಿನಲ್ಲಿರುವ ಅವನ ಮನೆಯ ತಾರಸಿಯಲ್ಲಿ ಸುಮಾರು ನಲವತ್ತು ಜನ ಸೇರುತ್ತಾರೆ. ಹಾಡು ಹಾಕುವ ಹೊಣೆ ನನ್ನದು. ಒಂದು ತಿಂಗಳಿನಿಂದ ಹಾಡು ಬೆರೆಸುವ ಗುಂಡಿಗಳಿರುವ ಸಣ್ಣ ಕಂಟ್ರೋಲರ್ ಒಂದನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ನನ್ನಂತೆಯೇ ಆಪ್ತರ ಮನೆಯ ಸಂತೋಷಕೂಟದಲ್ಲಿ ಮೊದಲ ಬಾರಿ ಡಿಜೆ ಮಾಡಲು ಒಪ್ಪಿಕೊಂಡವರಿಗಾಗಿ ಈ ಟಿಪ್ಪಣಿ. ಈ ತಿಂಗಳಲ್ಲಿ ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಇಷ್ಟು: ಯಂತ್ರದ ಗುಂಡಿಗಳು ಒಂದು ವಾರದಲ್ಲಿ ಕೈಗೆ ಬರುತ್ತವೆ, ಆದರೆ ನಾವು ಹಾಕಲಿರುವ ಒಂದೊಂದು ಹಾಡಿಗೂ ಕೂತು ತಾಳ ಹಾಕಿ ಅದರ ಒಳಗನ್ನು ತಿಳಿಯಲು ದಿನಗಳೇ ಬೇಕು. ಉಳಿದಿರುವ ಸಮಯವನ್ನೆಲ್ಲ ಅದಕ್ಕೇ ಕೊಡಿ.

ಎಂಟರ ಲೆಕ್ಕ

ಕುಣಿಯುವುದಕ್ಕೆಂದೇ ಮಾಡಿದ ಸಂಗೀತದಲ್ಲಿ ಹೆಚ್ಚಿನದು ನಾಲ್ಕು ಬೀಟ್‌ಗಳ ಬಾರ್‌ಗಳಲ್ಲಿ ಸಾಗುತ್ತದೆ. ಎರಡು ಬಾರ್ ಸೇರಿದರೆ ಎಂಟು ಬೀಟ್. ಚಿಕ್ಕಂದಿನಲ್ಲಿ ಸ್ವಲ್ಪವಾದರೂ ಸಂಗೀತ ಪಾಠಕ್ಕೆ ಹೋದವರಿಗೆ ಇದು ಹೊಸದಲ್ಲ. ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ತಟ್ಟಿ ಬೀಸುವುದು: ಆದಿತಾಳದ ಒಂದು ಆವರ್ತ. ಡಿಜೆಗಳು ಫ್ರೇಸ್ ಎಂದು ಕರೆಯುವ 32 ಬೀಟ್‌ಗಳ ಘಟ್ಟವು ಇಂಥ ನಾಲ್ಕು ಆವರ್ತಗಳು. ಹಾಡಿನಲ್ಲಿ ಹೊಸ ವಾದ್ಯ ಸೇರುವುದು, ಧ್ವನಿ ಬರುವುದು, ಡ್ರಮ್ ನಿಲ್ಲುವುದು ಬಹುಪಾಲು ಈ ಗಡಿಗಳಲ್ಲೇ. ನಿಮಿಷಕ್ಕೆ ಎಷ್ಟು ಬೀಟ್ ಎಂಬುದು ಬಿಪಿಎಂ. 120 ಬಿಪಿಎಂ ಹಾಡಿನಲ್ಲಿ 32 ಬೀಟ್‌ಗೆ 16 ಸೆಕೆಂಡ್, 128ರಲ್ಲಿ 15, 96ರಲ್ಲಿ 20. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಲು ನಮಗೆ ಸಿಗುವ ಅವಕಾಶ ಇಷ್ಟೇ ಎಂದು ತಿಳಿದರೆ ಆತುರವೂ ಕಡಿಮೆಯಾಗುತ್ತದೆ, ಆಲಸ್ಯವೂ ಕಡಿಮೆಯಾಗುತ್ತದೆ.

ಪುಸ್ತಕಗಳೂ ವಿಡಿಯೊಗಳೂ ಹೇಳಿಕೊಡುವ ಕ್ರಮ ಹೀಗಿದೆ: ಹೊರಹೋಗುವ ಹಾಡಿನ ಕೊನೆಯ ಡ್ರಮ್ ಭಾಗದ ಮೇಲೆ ಒಳಬರುವ ಹಾಡಿನ ಆರಂಭದ ಡ್ರಮ್ ಭಾಗವನ್ನು ಕೂರಿಸಿ, ಎರಡರ ವೇಗ ಹೊಂದಿಸಿ, ಶಬ್ದದ ಮಟ್ಟ ಏರಿಸಿ ಇಳಿಸುವ ಫೇಡರನ್ನು ನಿಧಾನವಾಗಿ ಸರಿಸುವುದು. ಕ್ಲಬ್ಬುಗಳಿಗೆಂದು ತಯಾರಾದ ಹೌಸ್ ಸಂಗೀತಕ್ಕೆ ಇದು ಸರಿ. ಅಲ್ಲಿ ಮೊದಲಿಗೂ ಕೊನೆಗೂ ಬರಿಯ ತಾಳ ಧಾರಾಳವಾಗಿ ಇರುತ್ತದೆ. ನಮ್ಮ ಸಿನಿಮಾ ಹಾಡುಗಳ ಕಟ್ಟಡವೇ ಬೇರೆ. ಪಲ್ಲವಿ, ವಾದ್ಯಗಳ ಮಧ್ಯಂತರ, ಚರಣ, ಮತ್ತೆ ಮಧ್ಯಂತರ, ಇನ್ನೊಂದು ಚರಣ. ಆರಂಭದಲ್ಲಿ ಕೊಳಲೋ ಆಲಾಪವೋ ಇರಬಹುದು, ತಾಳವೇ ಇಲ್ಲದಿರಬಹುದು. ಆದ್ದರಿಂದ ನಾನು ಹೊರಬರುವ ಬಾಗಿಲನ್ನು ಎರಡನೆಯ ಮಧ್ಯಂತರದಲ್ಲಿ ಹುಡುಕುತ್ತೇನೆ. ಅಲ್ಲಿ ಎಂಟು ಬೀಟ್‌ನಷ್ಟು ಶುದ್ಧ ತಾಳವಾದ್ಯ ಸಿಕ್ಕರೆ ಅದೇ ಮತ್ತೆ ಮತ್ತೆ ಬರುವಂತೆ ಲೂಪ್ ಮಾಡಿ ಹಿಡಿದಿಟ್ಟುಕೊಂಡು, ಅದರ ಮೇಲೆ ಮುಂದಿನ ಹಾಡಿನ ಪಲ್ಲವಿಯನ್ನು ತರುತ್ತೇನೆ. ಎರಡು ಧ್ವನಿಗಳು ಒಂದರ ಮೇಲೊಂದು ಬೀಳಬಾರದು, ಎರಡು ಬೇಸ್‌ಗಳೂ, ಅಂದರೆ ತಗ್ಗಿನ ನಾದಗಳೂ, ಬೀಳಬಾರದು. ಹೊಸ ಹಾಡಿನ ಬೇಸ್ ಗುಂಡಿಯನ್ನು ಮೊದಲೇ ಪೂರ್ತಿ ಇಳಿಸಿಟ್ಟು, ಆವರ್ತದ ಗಡಿಯಲ್ಲಿ ಹಳೆಯದರ ಬೇಸ್ ಇಳಿಸಿ ಹೊಸದನ್ನು ಏರಿಸಿ. ಇದೊಂದನ್ನು ಚೆನ್ನಾಗಿ ಮಾಡಿದರೆ ಕೇಳುವವರಿಗೆ ದಾಟುವಿಕೆ ಹಿತವಾಗಿರುತ್ತದೆ.

ಇಲ್ಲಿ ನಾನು ಬಹಳ ದಿನ ಎಡವಿದ್ದು ಕ್ಯೂ ಗುರುತಿನ ವಿಚಾರದಲ್ಲಿ. ಕ್ಯೂ ಎಂದರೆ ಹಾಡು ಎಲ್ಲಿಂದ ಶುರುವಾಗಬೇಕು ಎಂದು ಮೊದಲೇ ಇಡುವ ಗುರುತು. ಪಲ್ಲವಿಯ ಮೊದಲ ಅಕ್ಷರಕ್ಕೆ ಗುರುತು ಹಾಕುತ್ತಿದ್ದೆ, ಪ್ರತಿ ಸಲವೂ ತಾಳ ಕುಂಟುತ್ತಿತ್ತು. ಕಾರಣ ಎಡುಪು, ಅಂದರೆ ಆವರ್ತದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಎಷ್ಟೋ ಹಾಡುಗಳು ಸಮದಿಂದ, ಅಂದರೆ ಆವರ್ತದ ಮೊದಲ ಪೆಟ್ಟಿನಿಂದ, ಎತ್ತಿಕೊಳ್ಳುವುದಿಲ್ಲ, ಅರೆ ಅಕ್ಷರವೋ ಒಂದೂವರೆ ಅಕ್ಷರವೋ (ತಾಳದ ಒಂದು ಎಣಿಕೆಗೆ ಅಕ್ಷರ ಎನ್ನುತ್ತಾರೆ) ಬಿಟ್ಟು ಎತ್ತಿಕೊಳ್ಳುತ್ತವೆ. ಗುರುತು ಇರಬೇಕಾದದ್ದು ಧ್ವನಿಗಲ್ಲ, ಅದಕ್ಕೆ ಹಿಂದಿನ ಸಮದ ಪೆಟ್ಟಿಗೆ. ಈಗ ಪ್ರತಿ ಹಾಡಿಗೂ ನೋಟ್‌ಬುಕ್ಕಿನಲ್ಲಿ ಹೀಗೆ ಒಂದು ಸಾಲು ಬರೆದಿಟ್ಟುಕೊಂಡಿದ್ದೇನೆ: "98 ಬಿಪಿಎಂ. ತಾಳ ಎರಡು ಆವರ್ತ. ಪಲ್ಲವಿ ಅರೆ ಅಕ್ಷರ ತಡ. ಎರಡನೆಯ ಮಧ್ಯಂತರದಲ್ಲಿ ನಾಲ್ಕು ಆವರ್ತ ವಾದ್ಯ ಮಾತ್ರ, ಅಲ್ಲಿ ಬಿಡಬಹುದು." ಇಂಥ ನೂರು ಸಾಲು ಬರೆಯುವುದು ಶ್ರಮದ ಕೆಲಸವೇ, ಆದರೆ ಬರೆದ ಹಾಡು ಮತ್ತೆ ಕೈಕೊಟ್ಟಿಲ್ಲ.

ಮೂರರ ನಡೆ, ನಾಲ್ಕರ ನಡೆ

ನಮ್ಮ ಕೂಟಗಳಲ್ಲಿ ತಮಟೆಯ ಪೆಟ್ಟಿನ ಹಾಡು ಬರಲೇಬೇಕು. ಅದು ಬಂದ ಕೂಡಲೇ ಕುರ್ಚಿಯಲ್ಲಿದ್ದವರೂ ಏಳುತ್ತಾರೆ. ಆದರೆ ಇಂಥ ಹಾಡುಗಳಲ್ಲಿ ಬಹಳಷ್ಟು ತಿಶ್ರ ನಡೆಯವು, ಒಂದೊಂದು ಬೀಟ್ ಮೂರಾಗಿ ಒಡೆಯುತ್ತದೆ. ಪಾಪ್ ಹಾಗೂ ಹೌಸ್ ಸಾಮಾನ್ಯವಾಗಿ ಚತುರಶ್ರ, ನಾಲ್ಕಾಗಿ ಒಡೆಯುತ್ತದೆ. ತಂತ್ರಾಂಶ ಎರಡನ್ನೂ 120 ಬಿಪಿಎಂ ಎಂದು ತೋರಿಸಬಹುದು. ಎರಡರ ವೇಗವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ ಒತ್ತಿದರೆ ದೊಡ್ಡ ಪೆಟ್ಟುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ, ಆದರೂ ಕಿವಿಗೆ ಏನೋ ಮುರಿದಂತೆ ಕೇಳುತ್ತದೆ. ಲೆಕ್ಕ ಹಾಕಿ ನೋಡಿ. 120 ಬಿಪಿಎಂನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ಚತುರಶ್ರದ ಒಳಪೆಟ್ಟುಗಳು 125, 250, 375ಕ್ಕೆ ಬೀಳುತ್ತವೆ. ತಿಶ್ರದವು ಸುಮಾರು 167 ಮತ್ತು 333ಕ್ಕೆ. ಒಂದೂ ಕೂಡುವುದಿಲ್ಲ. ಈ ಎರಡು ನಡೆಗಳನ್ನು ಒಂದರ ಮೇಲೊಂದು ಹಾಕಬೇಡಿ. ಸಮಕ್ಕೆ ಸರಿಯಾಗಿ ಒಂದನ್ನು ಕತ್ತರಿಸಿ ಇನ್ನೊಂದನ್ನು ಬಿಡಿ, ಅಥವಾ ಎಕೋ ಹಾಕಿ ಹಳೆಯದನ್ನು ಕರಗಿಸಿ ಒಂದು ಕ್ಷಣ ಮೌನ ಕೊಟ್ಟು ತಮಟೆಯನ್ನು ತನ್ನಿ. ಆ ಮೌನದಲ್ಲಿ ಜನ ತಾವೇ ಕೂಗು ಹಾಕುತ್ತಾರೆ. ನಾನು ತಿಶ್ರದ ಹಾಡುಗಳನ್ನೆಲ್ಲ ಒಂದೇ ಗುಂಪಾಗಿ ಇಟ್ಟುಕೊಂಡಿದ್ದೇನೆ. ಒಮ್ಮೆ ಅದರೊಳಗೆ ಹೋದರೆ ಆರೇಳು ಹಾಡು ಅಲ್ಲೇ ಇರುತ್ತೇನೆ.

ಹಳೆಯ ಹಾಡುಗಳ ಕಷ್ಟ ಇನ್ನೊಂದು ಬಗೆಯದು. "ನಮ್ಮ ಕಾಲದ್ದೂ ಒಂದೆರಡು ಇರಲಿ ಕಣಪ್ಪ" ಎಂದು ಗೆಳೆಯನ ತಾಯಿ ಮೊದಲೇ ಹೇಳಿಟ್ಟಿದ್ದಾರೆ. ಎಪ್ಪತ್ತರ ದಶಕದಲ್ಲಿ ವಾದ್ಯವೃಂದವೆಲ್ಲ ಕೂಡಿ ಕೂತು ನುಡಿಸಿದ್ದು, ಮನುಷ್ಯರ ಕೈಯ ಲಯ ಅದು. ಪಲ್ಲವಿಗೆ 104 ಇದ್ದದ್ದು ಚರಣದಲ್ಲಿ 107 ಆಗಿರಬಹುದು. ಬೀಟ್ ಗುರುತಿಸಲು ತಂತ್ರಾಂಶ ಎಳೆಯುವ ಸಮಾನ ಗೆರೆಗಳಿಗೆ ಅದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅಂಥ ಹಾಡನ್ನು ಬೆರೆಸುವ ಆಸೆ ಬಿಟ್ಟು, ಹಿಂದಿನ ಹಾಡನ್ನು ಗೌರವದಿಂದ ಮುಗಿಸಿ, ಮೊದಲಿನಿಂದ ಪೂರ್ತಿ ಕೇಳಿಸಿ ಎಂಬುದು ನನ್ನ ಅಭಿಪ್ರಾಯ.

ವೇಗ ಹೊಂದಿಸುವಾಗಲೂ ಮಿತಿ ಇರಲಿ. ಕೀ ಲಾಕ್ ಹಾಕದೆ ವೇಗವನ್ನು ಶೇಕಡಾ 6ರಷ್ಟು ಏರಿಸಿದರೆ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರುತ್ತದೆ. ಕೀ ಲಾಕ್ ಹಾಕಿದರೆ ಶ್ರುತಿ ನಿಲ್ಲುತ್ತದೆ, ಆದರೆ ಹೆಚ್ಚು ಎಳೆದರೆ ಪರಿಚಿತ ಗಾಯಕರ ದನಿ ಕೃತಕವಾಗುತ್ತದೆ. ಶೇಕಡಾ 4ನ್ನು ನಾನು ದಾಟುವುದಿಲ್ಲ.

ಯಾರಿಗಾಗಿ

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ಕಟ್ಟಡದಲ್ಲಿ, ಜಮೈಕಾದಿಂದ ಬಂದಿದ್ದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹದಿನೆಂಟರ ಹುಡುಗ ತನ್ನ ತಂಗಿ ಸಿಂಡಿ ಏರ್ಪಡಿಸಿದ ಕೂಟಕ್ಕೆ ಹಾಡು ಹಾಕಿದ. ಡಿಜೆ ಕೂಲ್ ಹರ್ಕ್ ಎಂದು ಲೋಕ ಅವರನ್ನು ಬಲ್ಲದು, ಹಿಪ್‌ಹಾಪ್‌ನ ಹುಟ್ಟುದಿನವೆಂದು ಜನ ಆಚರಿಸುವುದು ಆ ದಿನವನ್ನೇ. ಹಾಡುಗಾರಿಕೆ ನಿಂತು ತಾಳವಾದ್ಯವಷ್ಟೇ ಉಳಿಯುವ ತುಣುಕಿಗಾಗಿ ಕುಣಿಯುವವರು ಕಾಯುತ್ತಾರೆ ಎಂಬುದನ್ನು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳಲ್ಲಿಟ್ಟು ಆ ತುಣುಕನ್ನು ಉದ್ದಕ್ಕೆ ಬೆಳೆಸುವ ವಿಧಾನ ಅವರು ರೂಪಿಸಿದ್ದು. ಮನೆಯವರ ಕೂಟವೊಂದರಲ್ಲಿ ಎದುರಿಗಿದ್ದವರ ಕಾಲುಗಳನ್ನು ನೋಡುತ್ತ ಬೆಳೆದ ಕಲೆ ಇದು ಎನ್ನುವುದು ನನಗೆ ದೊಡ್ಡ ಧೈರ್ಯ.

ನಮಗಿರುವ ಅನುಕೂಲವೂ ಅದೇ, ಎದುರಿಗಿರುವವರು ಅಪರಿಚಿತರಲ್ಲ. ಗೆಳೆಯನನ್ನು ಮೂರು ಪ್ರಶ್ನೆ ಕೇಳಿದೆ. ಹಾಸ್ಟೆಲಿನಲ್ಲಿದ್ದಾಗ ನೀವೆಲ್ಲ ಸೇರಿ ಕೂಗಿ ಹಾಡುತ್ತಿದ್ದದ್ದು ಯಾವುದು? ಯಾವ ಹಾಡು ಬೇಡವೇ ಬೇಡ? ಮೊದಲು ಎದ್ದು ಕುಣಿಯುವವರು ಯಾರು? ಮೂರನೆಯ ಉತ್ತರವೇ ಹೆಚ್ಚು ಉಪಯುಕ್ತ. ಅವನ ಚಿಕ್ಕಮ್ಮ ಮತ್ತು ಇಬ್ಬರು ಸಹೋದ್ಯೋಗಿಗಳು ಎಂದು ತಿಳಿಯಿತು. ಹಾಗಾಗಿ ಮೊದಲ ಕುಣಿತದ ಹಾಡುಗಳನ್ನು ಆ ಮೂವರಿಗಾಗಿಯೇ ಆರಿಸಿದ್ದೇನೆ.

ಮೂರು ಗಂಟೆಗೆ, ಹಾಡಿಗೆ ಮೂರು ನಿಮಿಷದಂತೆ, ಅರವತ್ತು ಹಾಡು ಸಾಕು. ನೂರಿಪ್ಪತ್ತು ಒಯ್ಯುತ್ತೇನೆ. ಎಲ್ಲವೂ ಹಣ ಕೊಟ್ಟು ಇಳಿಸಿಕೊಂಡ ಒಳ್ಳೆಯ ಗುಣಮಟ್ಟದ ಕಡತಗಳು, 320 ಕೆಬಿಪಿಎಸ್‌ಗೆ ಕಡಿಮೆಯಿಲ್ಲದವು. ಫೋನಿನಲ್ಲಿ ಚೆನ್ನಾಗಿ ಕೇಳುವ ಕಳಪೆ ಕಡತ ದೊಡ್ಡ ಸ್ಪೀಕರಿನಲ್ಲಿ ತಗಡಿನಂತೆ ಬಡಿಯುತ್ತದೆ.

ಹತ್ತು ಗಂಟೆಯ ಗಡಿ

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿಯೇ 55 ಡೆಸಿಬೆಲ್. ತಾರಸಿ ಬಯಲೇ. ಕ್ಲಬ್ಬಿನ ಡಿಜೆಗಳು ನಡುರಾತ್ರಿಗೆ ಕಾಯುವ ಉತ್ಕರ್ಷ ನಮಗೆ ಎಂಟೂವರೆಗೇ ಬರಬೇಕು. ಏಳಕ್ಕೆ 90ರಿಂದ 100 ಬಿಪಿಎಂನ ಹಾಡುಗಳು, ಜನ ಮಾತನಾಡುವಷ್ಟು ಮೆಲ್ಲಗೆ. ಊಟ ಎಂಟಕ್ಕೆ ಮುಗಿಯಲಿ ಎಂದು ಗೆಳೆಯನಿಗೆ ಹೇಳಿದ್ದೇನೆ, ಏಕೆಂದರೆ ತಟ್ಟೆ ಹಿಡಿದವರು ಕುಣಿಯುವುದಿಲ್ಲ. ಪಕ್ಕದ ಎರಡು ಮನೆಗಳಿಗೂ ಹೋಗಿ ತಿಳಿಸಿ, ಕೂಟಕ್ಕೆ ಕರೆದು ಬಂದಿದ್ದೇವೆ.

ಬಯಲಿನಲ್ಲಿ ಶಬ್ದಕ್ಕೆ ಗೋಡೆಯ ಆಸರೆ ಇಲ್ಲ. ದೂರ ಇಮ್ಮಡಿಯಾದಂತೆ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗಳಿಲ್ಲದ್ದರಿಂದ ಬೇಸ್ ಕೂಡ ತೆಳುವಾಗಿ ಕೇಳುತ್ತದೆ. ಸ್ಪೀಕರ್‌ಗಳನ್ನು ಮೆಟ್ಟಿಲ ಕೋಣೆಯ ಗೋಡೆಗೆ ಒತ್ತಿ ಇಟ್ಟರೆ ಬೇಸ್ ಗಟ್ಟಿಯಾಗುತ್ತದೆ, ಒಟ್ಟು ಶಬ್ದ ಏರಿಸಬೇಕಾಗಿಲ್ಲ. ಮಿಕ್ಸರಿನ ದೀಪಗಳು ಹಸಿರಿನಲ್ಲೇ ಇರಲಿ, ಅಪರೂಪಕ್ಕೆ ಹಳದಿ ಮುಟ್ಟಲಿ. ಕೆಂಪು ಬಂದರೆ ದನಿ ಒಡೆದು ಸ್ಪೀಕರಿಗೂ ಹಾನಿ. ನಿಮ್ಮ ಕಿವಿಯನ್ನೂ ಕಾಪಾಡಿಕೊಳ್ಳಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಎನ್ನುವ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ, 94ಕ್ಕೆ ಒಂದೇ ಗಂಟೆ.

ಬ್ಲೂಟೂತ್ ಸ್ಪೀಕರ್ ಬೇಡ. ಅದರ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಹೆಚ್ಚು, ಹೆಡ್‌ಫೋನಿನಲ್ಲಿ ಕೇಳಿದ ಬೀಟ್‌ಗೂ ಹೊರಗಿನ ಬೀಟ್‌ಗೂ ತಾಳೆಯಾಗುವುದಿಲ್ಲ. ತಂತಿಯಲ್ಲೇ ಜೋಡಿಸಿ, ಒಂದು ಹೆಚ್ಚುವರಿ ಕೇಬಲ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಇಂಟರ್‌ನೆಟ್ ಆರಿಸಿ. ಮೊನ್ನೆ ತಾರಸಿಯಲ್ಲಿ ಪರೀಕ್ಷಿಸುವಾಗ ಸಂದೇಶ ಬಂದ ಟಿಣ್ ಸದ್ದು ಬೀದಿಗೆಲ್ಲ ಕೇಳಿಸಿತು. ವಿದ್ಯುತ್ ಹೋದರೆ ಏನು ಎಂದು ಕೇಳಿಕೊಂಡು, ಯುಪಿಎಸ್ ಇರುವ ಪ್ಲಗ್ ಯಾವುದೆಂದು ಹುಡುಕಿ ಗುರುತು ಮಾಡಿ ಬಂದೆ.

ಕೊನೆಯ ಹಾಡನ್ನು ಗೆಳೆಯನೇ ಆರಿಸಿದ್ದಾನೆ, ಐದು ನಿಮಿಷದ್ದು. ಅದು 9.50ಕ್ಕೆ ಶುರುವಾಗಬೇಕು. ಕೆಳಗಿನ ಹಾಲಿನಲ್ಲಿ ಸಣ್ಣ ಸ್ಪೀಕರ್ ಒಂದನ್ನು ಈಗಲೇ ಜೋಡಿಸಿಟ್ಟಿದ್ದೇವೆ. ಹಳೆಯ ಹಾಡು ಕೇಳುತ್ತ ಕೂರಬಯಸುವವರು ಅಲ್ಲಿಗೆ ಇಳಿಯುತ್ತಾರೆ, ಮೊದಲ ಹಾಡು ಅವನ ತಾಯಿ ಹೇಳಿದ್ದು.