ಆಡಳಿತ ಮಂಡಳಿ: ‘ಮ್ಯಾನೇಜ್‌ಮೆಂಟ್‌ನವರು’ ಅಂದರೆ ಯಾರು?

ಖಾಸಗಿ ಶಾಲೆಯ ಕಚೇರಿಯಲ್ಲಿ ಫೀಸು ಯಾಕೆ ಹೆಚ್ಚಾಯಿತು ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ‘ಅದು ಮ್ಯಾನೇಜ್‌ಮೆಂಟ್ ತೀರ್ಮಾನ ಸಾರ್, ನಮ್ಮ ಕೈಲಿಲ್ಲ.’ ಹೇಳಿದ ಗುಮಾಸ್ತರದು ಸುಳ್ಳಲ್ಲ. ಆದರೆ ಆ ಮ್ಯಾನೇಜ್‌ಮೆಂಟ್‌ನಲ್ಲಿ ಎಷ್ಟು ಜನ ಇದ್ದಾರೆ, ಅವರು ಯಾವತ್ತು ಸಭೆ ಸೇರಿದ್ದರು ಎಂದು ಮುಂದಿನ ಪ್ರಶ್ನೆ ಹಾಕುವ ಪೋಷಕರು ಕಡಿಮೆ.

ಕನ್ನಡದಲ್ಲಿ ಇದಕ್ಕಿರುವ ಹೆಸರು ಆಡಳಿತ ಮಂಡಳಿ. ಮಂಡಳಿ ಎಂದರೆ ಕೂಡಿದ ಜನ. ಒಬ್ಬರೇ ತೀರ್ಮಾನಿಸಿದರೆ ಅದು ಅಪ್ಪಣೆಯಾಗುತ್ತದೆ. ನಾಲ್ಕು ಜನ ಕೂತು, ಬೇಡ ಎನ್ನುವವರ ಮಾತನ್ನೂ ಕೇಳಿ, ಬರೆದಿಟ್ಟರೆ ಮಾತ್ರ ಮಂಡಳಿಯ ನಿರ್ಣಯ. ಊರಿಂದೂರಿಗೆ ಜನರ ಬಾಯಲ್ಲಿ ಹೆಸರು ಬೇರೆ. ಕರಾವಳಿಯಲ್ಲಿ ಶಾಲೆಯ ‘ಸಂಚಾಲಕರು’ ಎಂದರೆ ಮಂಡಳಿಯ ಪರವಾಗಿ ಇಲಾಖೆಯೊಡನೆ ವ್ಯವಹರಿಸುವವರು. ಉತ್ತರ ಕರ್ನಾಟಕದಲ್ಲಿ ‘ಸಂಸ್ಥೆಯವರು’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಶಾಲೆಯ ಹಿಂದೆ ಸಾಮಾನ್ಯವಾಗಿ ಒಂದು ಸಂಘವೋ ಟ್ರಸ್ಟೋ ಇರುತ್ತದೆ. ಇವೆರಡರ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ವಿಷಯ ತಿಳಿದಂತೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಅಲ್ಲಿ ಸದಸ್ಯರಿರುತ್ತಾರೆ, ವಾರ್ಷಿಕ ಮಹಾಸಭೆ ಇರುತ್ತದೆ, ಲೆಕ್ಕ ಒಪ್ಪಿಸಬೇಕಾಗುತ್ತದೆ. ಟ್ರಸ್ಟಿನ ದಾರಿ ಬೇರೆ. ಮುಂದಿನ ಧರ್ಮದರ್ಶಿ (ಟ್ರಸ್ಟಿ) ಯಾರು ಎಂಬುದನ್ನು ಟ್ರಸ್ಟ್ ಪತ್ರವೇ ಹೇಳುತ್ತದೆ. ಎಷ್ಟೋ ಕಡೆ ತಂದೆಯ ನಂತರ ಮಗ, ಮಗನ ನಂತರ ಸೊಸೆ ಅಧಿಕಾರಕ್ಕೆ ಬರುವುದು ಇದರಿಂದಲೇ. ಅದು ಕಾನೂನಿಗೆ ವಿರುದ್ಧವಲ್ಲ, ಮನೆಯವರೇ ಚೆನ್ನಾಗಿ ನಡೆಸುವ ಶಾಲೆಗಳೂ ಇವೆ. ಆದರೂ ‘ಹಾಗಲ್ಲ’ ಎಂದು ಎದುರು ಹೇಳುವ ಹೊರಗಿನವರು ಒಬ್ಬಿಬ್ಬರಾದರೂ ಇಲ್ಲದ ಮಂಡಳಿ ಮಂಡಳಿಯಾಗಿ ಉಳಿಯುವುದು ಕಷ್ಟ ಎಂದೇ ನನಗನ್ನಿಸುತ್ತದೆ.

ಬೆಳಗಾವಿಯ ಕೆಎಲ್ಇ ಸಂಸ್ಥೆಯ ಮೊದಲ ದಿನಗಳನ್ನು ಇಲ್ಲಿ ನೆನೆಯಬೇಕು. 1916ರಲ್ಲಿ ಅದನ್ನು ಕಟ್ಟಿದ ಏಳು ಜನ ಶಿಕ್ಷಕರನ್ನು ಆ ಸೀಮೆ ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತದೆ. ಅದಕ್ಕೂ ಮೊದಲು, 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಪಾಠ ಹೇಳುವವರೇ ಆಜೀವ ಸದಸ್ಯರಾಗಿ ಆಡಳಿತವನ್ನೂ ಹೊತ್ತಿದ್ದರು. ಅಲ್ಲೂ ಜಗಳಗಳಿದ್ದವು. ಸದಸ್ಯರು ಹೊರಗೆ ಸಂಪಾದಿಸಬಹುದೇ ಎಂಬಂಥ ಪ್ರಶ್ನೆಗಳ ಮೇಲೆ ಭಿನ್ನಾಭಿಪ್ರಾಯ ಬೆಳೆದು, 1890ರಲ್ಲಿ ಅದರ ಸದಸ್ಯರಾಗಿದ್ದ ಬಾಲಗಂಗಾಧರ ತಿಲಕರು ಹೊರನಡೆದರು. ಪಾಠದ ಕೋಣೆಯೂ ಆಡಳಿತದ ಕೋಣೆಯೂ ಅಷ್ಟು ಹತ್ತಿರವಿದ್ದ ಕಾಲವದು.

ಈಗ ಇವೆರಡೂ ದೂರ ಸರಿದಿವೆ, ಹಾಗಾಗಿ ಗೆರೆ ಎಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಹಣ, ಕಟ್ಟಡ, ನೇಮಕಾತಿ, ಶಾಲೆಯ ದೊಡ್ಡ ದಿಕ್ಕು ಮಂಡಳಿಯದು. ತರಗತಿ, ವೇಳಾಪಟ್ಟಿ, ಯಾವ ಮೇಷ್ಟ್ರಿಗೆ ಯಾವ ಪಾಠ, ಹಿಂದುಳಿದ ಮಗುವಿಗೆ ಏನು ಮಾಡಬೇಕು ಎನ್ನುವುದು ಮುಖ್ಯೋಪಾಧ್ಯಾಯರದು. ಮಂಡಳಿಯ ಕಾರ್ಯದರ್ಶಿಗಳು ದಿನವೂ ಶಾಲೆಗೆ ಬಂದು ಏಳನೇ ತರಗತಿಯ ಬಾಗಿಲಲ್ಲಿ ನಿಂತರೆ, ಹೆಡ್ಮಾಸ್ಟರಿಗೆ ಕುರ್ಚಿಯಿದ್ದೂ ಅಧಿಕಾರ ಇಲ್ಲದಂತಾಗುತ್ತದೆ. ಅದನ್ನು ಮಕ್ಕಳು ಎಲ್ಲರಿಗಿಂತ ಬೇಗ ಗುರುತಿಸುತ್ತಾರೆ. ಶಿಕ್ಷಕರನ್ನು ತೆಗೆಯುವ ವಿಷಯದಲ್ಲಂತೂ ಮಂಡಳಿಯ ಕೈ ಕಟ್ಟಿದೆ: 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ ಎನ್ನುತ್ತದೆ. ಅನ್ಯಾಯವಾದವರು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಮಂಡಳಿಯ ಹಕ್ಕಿಗೂ ಮಿತಿಗೂ ದೊಡ್ಡ ಆಧಾರ ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಅನುದಾನರಹಿತ ಸಂಸ್ಥೆ ತನ್ನ ಆಡಳಿತ ಮಂಡಳಿಯನ್ನು ತಾನೇ ರಚಿಸಿಕೊಳ್ಳಬಹುದು, ಸಮಂಜಸವಾದ ಶುಲ್ಕವನ್ನೂ ಗೊತ್ತುಮಾಡಬಹುದು. ಶಾಲೆಯ ಬೆಳವಣಿಗೆಗೆಂದು ಸ್ವಲ್ಪ ಹಣ ಉಳಿಸಿಕೊಳ್ಳಲಿ, ಆದರೆ ಲಾಭಕೋರತನವೂ ಕ್ಯಾಪಿಟೇಶನ್ ಶುಲ್ಕವೂ (ಸೀಟು ಕೊಡಲು ವಸೂಲು ಮಾಡುವ ಹಣ) ಕೂಡದು.

ಇನ್ನು ಪೋಷಕರು. ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಲ್ಲರಿಗೂ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು ಎಂದಿತು, ಆದರೆ ಅನುದಾನರಹಿತ ಖಾಸಗಿ ಶಾಲೆಗಳನ್ನು ಈ ನಿಯಮದಿಂದ ಹೊರಗಿಟ್ಟಿತು. ಸಿಬಿಎಸ್ಇ ಶಾಲೆಗಳಲ್ಲಾದರೆ, ಸಿಬಿಎಸ್ಇಯ ನಿಯಮದಂತೆ ಸಮಿತಿಯೊಳಗೆ ಇಬ್ಬರು ಪೋಷಕರೂ ಇಬ್ಬರು ಶಿಕ್ಷಕರೂ ಇರಬೇಕು. ನಿಮ್ಮ ಮಗುವಿನ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಕೇಳಿ ನೋಡಿ.

ಕೇಳುವಾಗ ನಡಾವಳಿ ಪುಸ್ತಕದ ಬಗ್ಗೆಯೂ ಕೇಳಿ. ಯಾರು ಹಾಜರಿದ್ದರು, ಏನು ಚರ್ಚೆಯಾಯಿತು, ಯಾವ ಠರಾವು ಪಾಸಾಯಿತು ಎಂಬುದೆಲ್ಲ ಇರಬೇಕಾದ ಜಾಗ ಅದು. ಸಭೆಯೇ ನಡೆಯದೆ ಆ ಪುಸ್ತಕ ಜವಾನನ ಕೈಯಲ್ಲಿ ಮನೆಮನೆ ಸುತ್ತಿ ಸಹಿ ಹಾಕಿಸಿಕೊಂಡು ಬರುವ ಶಾಲೆಯಲ್ಲಿ, ಫಲಕದ ಮೇಲೆ ಎಷ್ಟೇ ಹೆಸರು ಬರೆದಿದ್ದರೂ ಇರುವುದು ಒಬ್ಬರೇ.