ಅಮೆರಿಕದಲ್ಲಿ ಬಾಡಿಗೆ ನೆರವಿಗೆ ವರ್ಷಗಟ್ಟಲೆ ಕಾಯಬೇಕು, ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಬಡವರ ಮನೆ ಬಾಡಿಗೆಗೆ ಸರ್ಕಾರ ನೆರವು ಕೊಡುತ್ತದಂತೆ. ಆದರೆ ಅದು ಕೈಗೆ ಸಿಗಲು ವರ್ಷಗಟ್ಟಲೆ ಕಾಯಬೇಕು ಅಂತಾರೆ. ಕಾನೂನು ಇದ್ದ ಮೇಲೆ ಕಾಯುವುದೇಕೆ?

ಉತ್ತರ: ಕಾನೂನು ಇದೆ, ನಿಜ. ಆದರೆ ಅಲ್ಲಿ ಯೋಜನೆಗೆ ಕಾನೂನು ಮಾಡುವುದೇ ಬೇರೆ, ಅದಕ್ಕೆ ದುಡ್ಡು ಕೊಡುವುದೇ ಬೇರೆ. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಎರಡಕ್ಕೂ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು.

ಈ ನೆರವನ್ನು ಜನ ‘ಸೆಕ್ಷನ್ 8’ ಎಂದೇ ಕರೆಯುತ್ತಾರೆ. ಶುರುವಾದದ್ದು 1974ರಲ್ಲಿ. ವೋಚರ್, ಅಂದರೆ ಈ ನೆರವಿನ ಚೀಟಿ, ಸಿಕ್ಕ ಕುಟುಂಬ ತನ್ನ ಆದಾಯದ ಸುಮಾರು ಶೇಕಡಾ 30 ಭಾಗವನ್ನು ಬಾಡಿಗೆಗೆ ಕೊಟ್ಟರೆ ಸಾಕು. ಉಳಿದದ್ದು, ಒಂದು ಮಿತಿಯೊಳಗೆ, ಸರ್ಕಾರದ ದುಡ್ಡಿನಿಂದ ಮನೆ ಮಾಲೀಕರಿಗೆ ಹೋಗುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಹೀಗೆ ಬದುಕುತ್ತಿವೆ. ಆದರೆ ಅರ್ಹತೆ ಇರುವ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಮಾತ್ರ ಕೇಂದ್ರದ ಬಾಡಿಗೆ ನೆರವು ಸಿಗುತ್ತದೆ. ಫುಡ್ ಸ್ಟಾಂಪ್, ಅಂದರೆ ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು, ಹಾಗಲ್ಲ. ಅರ್ಹತೆ ಇದ್ದು ಅರ್ಜಿ ಹಾಕಿದವರಿಗೆ ಅದನ್ನು ಕೊಡಲೇಬೇಕು. ಮನೆಗೆ ಮಾತ್ರ ಆ ಹಕ್ಕಿಲ್ಲ. ಆ ವರ್ಷದ ದುಡ್ಡು ಮುಗಿಯಿತೋ, ಉಳಿದವರೆಲ್ಲ ಕಾಯುವ ಪಟ್ಟಿಗೆ.

ಆ ದುಡ್ಡು ಎಷ್ಟು ಎಂದು ಮೊದಲು ಲೆಕ್ಕ ಹಾಕುವುದು ಒಂದು ಉಪಸಮಿತಿ. ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಖರ್ಚಿಗೆ ಇಂಥ ತಲಾ 12 ಉಪಸಮಿತಿಗಳಿವೆ. ಅದರಲ್ಲೊಂದರ ಪಾಲಿಗೆ ವಸತಿ ಮತ್ತು ಸಾರಿಗೆ ಎರಡೂ ಬಂದಿವೆ. ಬಡವರ ಬಾಡಿಗೆ, ವಿಮಾನ ಸಂಚಾರ ನಿಯಂತ್ರಕರ ಸಂಬಳ, ರೈಲಿನ ಅನುದಾನ, ಎಲ್ಲಕ್ಕೂ ಒಂದೇ ಗಂಟು. ಇದರ ಜೊತೆಗೆ ಬಾಡಿಗೆ ಬೇರೆ ಏರುತ್ತಲೇ ಇರುತ್ತದೆ. ಈಗ ನೆರವು ಪಡೆಯುತ್ತಿರುವವರನ್ನು ಉಳಿಸಿಕೊಳ್ಳಲೇ ವರ್ಷವರ್ಷ ಜಾಸ್ತಿ ಬೇಕು. ಹೊಸಬರಿಗೆ ಎಲ್ಲಿಂದ ಬರಬೇಕು?

ಹೆದ್ದಾರಿಯ ಕತೆ ನೋಡಿ. ಅದಕ್ಕೆ 1956ರಿಂದಲೇ ಸ್ವಂತ ನಿಧಿ ಇದೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಕಾರಿಗೆ ಪೆಟ್ರೋಲ್ ಹಾಕಿಸಿದಾಗಲೂ ಗ್ಯಾಲನ್‌ಗೆ 18.4 ಸೆಂಟ್ ಕೇಂದ್ರದ ತೆರಿಗೆ ಕಟ್ಟುತ್ತಾರೆ. ಬಹುಪಾಲು ಆ ನಿಧಿಗೇ ಹೋಗುತ್ತದೆ. ರಸ್ತೆಗೆ ಹಲವು ವರ್ಷಗಳ ದುಡ್ಡನ್ನು ಒಟ್ಟಿಗೇ ಗೊತ್ತುಮಾಡುತ್ತಾರೆ. 2021ರ ಮೂಲಸೌಕರ್ಯ ಕಾನೂನು ಐದು ವರ್ಷಕ್ಕೆ ಮಾಡಿದ್ದು. ಪೆಟ್ರೋಲ್ ತೆರಿಗೆ 1993ರಿಂದ ಏರಿಲ್ಲ, ಹಾಗಾಗಿ ನಿಧಿ ಸೊರಗಿತು. ಆಗ ಕಾಂಗ್ರೆಸ್ ಏನು ಮಾಡಿತು? 2008ರಿಂದ ಸಾಮಾನ್ಯ ಖಜಾನೆಯ ದುಡ್ಡನ್ನು ಮತ್ತೆಮತ್ತೆ ಅದಕ್ಕೆ ಸುರಿಯಿತು. ರಸ್ತೆ ಬೇಕು, ಸರಿ. ಆದರೆ ತಲೆ ಮೇಲೊಂದು ಸೂರಿಗೂ ಅದೇ ಕಾಳಜಿ ತೋರಿಸಬಹುದಿತ್ತು ಅಲ್ವಾ?

ದುಡ್ಡು ಕೊಟ್ಟು ಕಾಂಗ್ರೆಸ್ ಸುಮ್ನೆ ಕೂರುವುದಿಲ್ಲ, ಲೆಕ್ಕವನ್ನೂ ಕೇಳುತ್ತದೆ. ಇದು ಎಷ್ಟು ಮುಖ್ಯ ಎನ್ನುವುದಕ್ಕೆ 1989 ಸಾಕ್ಷಿ. ಹಳೆ ಕಟ್ಟಡ ರಿಪೇರಿ ಮಾಡಿಸಿ ಬಡವರಿಗೆ ಕೊಡುವ ಸೆಕ್ಷನ್ 8ರದ್ದೇ ಒಂದು ಯೋಜನೆಯಲ್ಲಿ, ಪ್ರಭಾವ ಇದ್ದವರು ‘ಸಲಹೆಗಾರರು’ ಎಂದು ಹೇಳಿಕೊಂಡು ದೊಡ್ಡ ಶುಲ್ಕ ಹೊಡೆದುಕೊಂಡಿದ್ದರು. ವಸತಿ ಇಲಾಖೆಯೊಳಗಿನ ಸ್ವತಂತ್ರ ತನಿಖಾ ಅಧಿಕಾರಿಯ ವರದಿ ಅದನ್ನು ಹೊರಗೆ ತಂದಿತು. ಸಂಸದರು ತಿಂಗಳುಗಟ್ಟಲೆ ವಿಚಾರಣೆ ನಡೆಸಿದರು. ಅದೇ ವರ್ಷ ಇಲಾಖೆಯನ್ನು ಬಿಗಿ ಮಾಡುವ ಕಾನೂನೂ ಬಂತು. ಇರುವ ದುಡ್ಡೇ ಸಾಲದು. ಅದರಲ್ಲಿ ಸೋರಿದ ಒಂದೊಂದು ಡಾಲರೂ ಪಟ್ಟಿಯಲ್ಲಿ ಕಾದು ಕೂತವರದ್ದು.

ಅಲ್ಲಿ ನಿಮ್ಮವರು ಯಾರಿಗಾದರೂ ಈ ನೆರವು ಬೇಕಿದ್ದರೆ ಒಂದೆರಡು ಮಾತು. ಎಚ್-1ಬಿ ವೀಸಾದವರಿಗೆ ಇದು ಸಿಗುವುದಿಲ್ಲ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಸ್ಥಳೀಯ ವಸತಿ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಎಷ್ಟೋ ಊರುಗಳಲ್ಲಿ ಪಟ್ಟಿಯನ್ನೇ ಮುಚ್ಚಿರುತ್ತಾರೆ, ತೆರೆದಾಗ ತಡಮಾಡಬೇಡಿ. ಬೇರೆ ಊರಿನ ಪಟ್ಟಿಯಲ್ಲೂ ಹೆಸರು ಹಾಕಬಹುದು. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಕಚೇರಿಗೆ ತಿಳಿಸಿ. ಅವರು ಕಳಿಸಿದ ಪತ್ರಕ್ಕೆ ಉತ್ತರ ಹೋಗದಿದ್ದರೆ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರೆ.